ಕಾರ್ಪೆಟ್ ಬಂತು, ಅಂಟು ಬರಲಿಲ್ಲ: ಹಳೆಯ ಹಲಗೆ ನೆಲವನ್ನು ಕೆಡಿಸದೆ ಬಿಡಿಸುವುದು ಹೇಗೆ?

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ಮಾವನವರ ಕಾಲದ ತೋಟದ ಮನೆ ಇದೆ. ಮಹಡಿಯ ನೆಲ ಪೂರ್ತಿ ಹಲಗೆ. ಎರಡು ಕೋಣೆಗೆ ತೇಗ, ಒಂದಕ್ಕೆ ಮತ್ತಿ. ಸುಮಾರು ಮೂವತ್ತು ವರ್ಷದ ಹಿಂದೆ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಅಂಟಿಸಿದ್ದರು. ಈ ಸಲ ಮಳೆಗಾಲ ಮುಗಿದ ಮೇಲೆ ಕಿತ್ತೆವು. ಕಾರ್ಪೆಟ್ ಬಂತು, ಅಂಟು ಬರಲಿಲ್ಲ. ತೇಗದ ಕೋಣೆಗಳಲ್ಲಿ ಹಳದಿ-ಕಂದು ಅಂಟು, ಅದರ ಮೇಲೆ ಪುಡಿಪುಡಿಯಾದ ಫೋಮ್. ಮತ್ತಿಯ ಕೋಣೆಯಲ್ಲಿ ಡಾಂಬರಿನಂಥ ಕಪ್ಪು ಪದರ. ಆಚಾರಿ "ಮೆಷಿನ್ ಹಾಕಿ ಉಜ್ಜಿಬಿಡೋಣ" ಅನ್ನುತ್ತಾರೆ. ಪೇಂಟರ್ "ಥಿನ್ನರ್ ಸುರಿದು ಬಿಡಿ" ಅನ್ನುತ್ತಾರೆ. ಮನೆಯಲ್ಲಿ ಅಂಬೆಗಾಲಿಡುವ ಮೊಮ್ಮಗು ಇದೆ. ಯಾರ ಮಾತು ಕೇಳಲಿ? ಹಲಗೆಗಳ ನಡುವಿನ ಸಂದನ್ನು ತುಂಬಿಸಬೇಕಾ?

ಉತ್ತರ: ಮೇಡಂ, ಸದ್ಯಕ್ಕೆ ಇಬ್ಬರ ಮಾತನ್ನೂ ಬದಿಗಿಡಿ. ಮೆಷಿನ್ ಬೇಕಾಗುತ್ತದೆ, ಆದರೆ ಕೊನೆಯಲ್ಲಿ. ಥಿನ್ನರ್ ಕೂಡ ಬೇಕಾಗಬಹುದು, ಆದರೆ ಸುರಿಯುವುದಕ್ಕಲ್ಲ, ಬಟ್ಟೆಗೆ ಹಾಕಿ ಒರೆಸುವುದಕ್ಕೆ. ಈ ಎರಡಕ್ಕೂ ಮೊದಲು ಮಾಡಬೇಕಾದ ಕೆಲಸವನ್ನು ಯಾರೂ ನಿಮಗೆ ಹೇಳಿಲ್ಲ. ಅದು ಯಾವ ಅಂಟು ಅಂತ ಮೊದಲು ಗೊತ್ತು ಮಾಡಿಕೊಳ್ಳಬೇಕು.

ನಾನು ಇಷ್ಟು ಖಡಾಖಂಡಿತವಾಗಿ ಹೇಳಲು ಕಾರಣವಿದೆ. ಈ ಕೆಲಸ ಶುರು ಮಾಡಿದ ಹೊಸತರಲ್ಲಿ ಕೊಡಗಿನ ಒಂದು ತೋಟದ ಬಂಗಲೆಯಲ್ಲಿ ಹೀಗೇ ಹಳದಿ ಅಂಟಿನ ಮೇಲೆ ನೇರವಾಗಿ ಬೆಲ್ಟ್ ಸ್ಯಾಂಡರ್ ಅನ್ನುವ ಉಜ್ಜುವ ಮೆಷಿನ್ ಓಡಿಸಿದೆ. ಹತ್ತು ನಿಮಿಷಕ್ಕೆ ಒಂದು ಉಪ್ಪು ಕಾಗದ ಕಟ್ಟಿಕೊಳ್ಳುತ್ತಿತ್ತು. ತಿಕ್ಕಾಟದ ಬಿಸಿಗೆ ಅಂಟು ಕರಗಿ ಮರದ ಎಳೆಯೊಳಗೆ ಇಳಿಯಿತು. ಮೇಲೆ ನೋಡಿದರೆ ನೆಲ ಚೊಕ್ಕವಾಗಿತ್ತು. ಪಾಲಿಶ್ ಹೊಡೆದು ಬಂದೆವು. ಮೂರು ವಾರಕ್ಕೆ ಅಲ್ಲಲ್ಲಿ ಪಾಲಿಶ್ ಸಿಪ್ಪೆ ಏಳತೊಡಗಿತು. ಮತ್ತೆ ಉಜ್ಜಬೇಕಾಯಿತು, ಮತ್ತೆ ಹಲಗೆ ತೆಳುವಾಯಿತು. ಎರಡೂ ಸಲ ಸೇರಿ ಸುಮಾರು 2 ಮಿಲಿಮೀಟರ್ ಮರ ಹೋಯಿತು. ಅದು ನೂರು ವರ್ಷದ ತೇಗ. ಹೋದ ಮರವನ್ನು ತಂದು ಕೊಡಲು ಯಾರಿಂದಲೂ ಆಗುವುದಿಲ್ಲ. ಆ ಮನೆಯವರು ಏನೂ ಅನ್ನಲಿಲ್ಲ, ಆದರೂ ನನಗೆ ಅದು ಇವತ್ತಿಗೂ ಬೇಸರ.

ಈಗ ನಿಮ್ಮ ನೆಲಕ್ಕೆ ಬರೋಣ. ಪ್ರತಿ ಕೋಣೆಯಲ್ಲೂ ಬಾಗಿಲ ಹಿಂದೆ, ಕಣ್ಣಿಗೆ ಬೀಳದ ಮೂಲೆಯಲ್ಲಿ, ಅಂಗೈಯಗಲದ ಮೂರು ಜಾಗ ಗುರುತು ಮಾಡಿ. ಮೊದಲನೆಯದಕ್ಕೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಹಾಕಿ. ಎರಡನೆಯದಕ್ಕೆ ಬಣ್ಣ ತೆಳು ಮಾಡಲು ಬಳಸುವ ಮಿನರಲ್ ಟರ್ಪೆಂಟೈನ್‌ನಲ್ಲಿ ನೆನೆಸಿದ ಬಟ್ಟೆ. ಮೂರನೆಯದಕ್ಕೆ ಒಂದೆರಡು ಚಮಚ ಥಿನ್ನರ್ ಹಾಕಿದ ಬಟ್ಟೆ, ಮೇಲೆ ಒಂದು ಸ್ಟೀಲ್ ತಟ್ಟೆ ಮುಚ್ಚಿಡಿ, ಇಲ್ಲದಿದ್ದರೆ ಆರಿಹೋಗುತ್ತದೆ. ಹತ್ತು ಹದಿನೈದು ನಿಮಿಷ ಬಿಟ್ಟು ಉಗುರಿನಿಂದಲ್ಲ, ಒಂದು ಮೊಂಡು ಚಾಕುವಿನಿಂದ ಕೆರೆದು ನೋಡಿ. ಕಿಟಕಿ ತೆರೆದಿರಲಿ, ಕೆಳಗೆ ಒಲೆ, ದೀಪ ಉರಿಯದಿರಲಿ, ಮಗು ಮನೆಯ ಹೊರಗಿರಲಿ.

ಬಿಸಿನೀರಿಗೇ ಅಂಟು ಬೆಳ್ಳಗಾಗಿ ಮೆತ್ತಗಾದರೆ ಅದು ಬಡಗಿಗಳು ಬಳಸುವ ಬಿಳಿ ಫೆವಿಕಾಲ್ ಜಾತಿಯದ್ದು. ಕಂದು ಬಣ್ಣದ್ದು ಅಂಬಲಿಯ ಹಾಗೆ ಕರಗಿದರೆ ಅದು ಹಿಂದೆ ನೆಲಕ್ಕೆ ಲಿನೋಲಿಯಮ್ ಹಾಳೆ ಅಂಟಿಸಲು ಬಳಸುತ್ತಿದ್ದ ಗಂಜಿಯಂಥ ಅಂಟು. ಇವೆರಡೂ ಸುಲಭ. ಬಿಸಿನೀರಿಗೆ ಜಗ್ಗದೆ, ಥಿನ್ನರಿಗೆ ಊದಿಕೊಂಡು ಚ್ಯೂಯಿಂಗ್ ಗಮ್ ಹಾಗೆ ಎಳೆದುಕೊಂಡು ಬಂದರೆ ಅದು ರಬ್ಬರ್ ಅಂಟು. ಈಗ ಫೆವಿಕಾಲ್ ಎಸ್‌ಆರ್ 998 ಅಂತ ಡಬ್ಬಿಯಲ್ಲಿ ಸಿಗುತ್ತದಲ್ಲ, ಆ ಜಾತಿ. ನೀವು ಹೇಳಿದ ಹಳದಿ-ಕಂದು ಬಣ್ಣ ಕೇಳಿದರೆ ತೇಗದ ಕೋಣೆಗಳಲ್ಲಿ ಇರುವುದು ಇದೇ ಇರಬೇಕು. ಟರ್ಪೆಂಟೈನ್ ಬಟ್ಟೆ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದು ಡಾಂಬರಿನ ಅಂಟು. ಅದರ ವಿಷಯ ಬೇರೆಯೇ ಇದೆ, ಆಮೇಲೆ ಹೇಳುತ್ತೇನೆ. ಆ ಕಪ್ಪು ಕೋಣೆಯಲ್ಲಿ ಒಣಗಿದ ಪದರವನ್ನು ಕೆರೆಯಲು ಹೋಗಬೇಡಿ, ಟರ್ಪೆಂಟೈನ್ ಬಟ್ಟೆಗೆ ಬಣ್ಣ ಹತ್ತುತ್ತದಾ ಅಂತಷ್ಟೇ ನೋಡಿ.

ಹಳದಿ ಅಂಟಿನ ಕೋಣೆಗಳಿಗೆ ಮೊದಲು ಔಷಧವೇ ಬೇಡ. ಚಳಿ ಸಾಕು. ರಬ್ಬರ್ ಅಂಟು ಮಧ್ಯಾಹ್ನದ ಬಿಸಿಗೆ ಜಿಗುಟಾಗುತ್ತದೆ, ಚಳಿಗೆ ಗಟ್ಟಿಯಾಗಿ ಪೆಡಸಾಗುತ್ತದೆ. ಡಿಸೆಂಬರ್, ಜನವರಿಯಲ್ಲಿ ನಿಮ್ಮ ಕಡೆ ಬೆಳಗಿನ ಜಾವ ಇರುವ ಚಳಿ ಇದಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ರಾತ್ರಿ ಕಿಟಕಿಗಳನ್ನು ತೆರೆದಿಟ್ಟು ಮಲಗಿ. ಬೆಳಿಗ್ಗೆ ಆರೂವರೆಗೆ ಕೆಲಸ ಶುರು ಮಾಡಿ ಹತ್ತಕ್ಕೆ ನಿಲ್ಲಿಸಿ. ಆ ಮೂರೂವರೆ ಗಂಟೆಯಲ್ಲಿ ಬರುವಷ್ಟು ಅಂಟು ಇಡೀ ಮಧ್ಯಾಹ್ನ ಕೂತು ಕೆರೆದರೂ ಬರುವುದಿಲ್ಲ. ಹಟ ಹಿಡಿದ ಜಾಗಕ್ಕೆ ಪ್ಲಾಸ್ಟಿಕ್ ಚೀಲದಲ್ಲಿ ಐಸ್ ತುಂಬಿ, ಬಾಯಿ ಗಟ್ಟಿಯಾಗಿ ಕಟ್ಟಿ, ಹತ್ತು ನಿಮಿಷ ಇಡಿ. ನೀರು ಮಾತ್ರ ಸೋರಬಾರದು.

ಮೊದಲು ಫೋಮ್ ಪುಡಿಯನ್ನು ಎತ್ತಬೇಕು. ಪೊರಕೆ ಹಿಡಿಯಬೇಡಿ, ಧೂಳೇಳುತ್ತದೆ. ಸ್ವಲ್ಪ ನೀರು ಚಿಮುಕಿಸಿ, ಅಗಲವಾದ ಪುಟ್ಟಿ ಪಟ್ಟಿಯಿಂದ ತಳ್ಳಿ ಮೊರಕ್ಕೆ ತುಂಬಿ. ಆಮೇಲೆ ಮೊಳೆ ಮತ್ತು ಪಿನ್ನು. ಕಾರ್ಪೆಟ್ಟಿನ ಅಂಚಲ್ಲಿ ಹೊಡೆದ ಪಿನ್ನುಗಳು ಅಂಟಿನೊಳಗೆ ಮುಚ್ಚಿಹೋಗಿರುತ್ತವೆ. ಹಳೆಯ ಸ್ಪೀಕರಿನ ಮ್ಯಾಗ್ನೆಟ್ ಒಂದನ್ನು ದಾರಕ್ಕೆ ಕಟ್ಟಿ ಗೋಡೆಯ ಉದ್ದಕ್ಕೂ ಎಳೆದುಕೊಂಡು ಹೋಗಿ, ಎಲ್ಲಿ ಹಿಡಿಯುತ್ತದೋ ಅಲ್ಲಿ ಪಿನ್ನಿದೆ. ಒಂದೇ ಒಂದು ಪಿನ್ನು ಉಳಿದರೂ ಒಳ್ಳೆಯ ಸ್ಕ್ರೇಪರಿನ ಬಾಯಿ ಹೋಗುತ್ತದೆ, ಮುಂದೆ ಮೆಷಿನ್ನಿನ ಕಾಗದವೂ ಹರಿಯುತ್ತದೆ.

ಕೆರೆಯುವ ಸಾಮಾನಿಗೆ ದುಡ್ಡು ಸುರಿಯಬೇಕಿಲ್ಲ. ನಿಮ್ಮ ಆಚಾರಿಯ ಹತ್ತಿರ ಹಳೆಯ ಗರಗಸದ ತುಂಡು ಇದ್ದೇ ಇರುತ್ತದೆ. ಅದನ್ನು ನಾಲ್ಕು ಬೆರಳಗಲಕ್ಕೆ ಕತ್ತರಿಸಿ, ಅಂಚನ್ನು ಅರದಿಂದ ನೇರ ಮಾಡಿ, ಎರಡೂ ಮೂಲೆಗಳನ್ನು ಸ್ವಲ್ಪ ದುಂಡಗೆ ಉಜ್ಜಿಕೊಡಲು ಹೇಳಿ. ಮೂಲೆ ಚೂಪಾಗಿದ್ದರೆ ಮರದ ಮೇಲೆ ಉದ್ದುದ್ದ ಗೆರೆ ಬೀಳುತ್ತದೆ. ಆ ಗೆರೆ ತೆಗೆಯಲು ಇಡೀ ಹಲಗೆಯನ್ನೇ ಇಳಿಸಬೇಕಾಗುತ್ತದೆ. ಯಾವಾಗಲೂ ಮರದ ಎಳೆ ಓಡುವ ದಿಕ್ಕಿಗೇ ಕೆರೆಯಿರಿ. ಐದು ನಿಮಿಷಕ್ಕೊಮ್ಮೆ ಅಂಚಿಗೆ ಅರ ತೋರಿಸಿ. ಕೈಗೆ ಜಾಸ್ತಿ ಬಲ ಬೇಕು ಅನ್ನಿಸಿದರೆ ಅಂಚು ಮೊಂಡಾಗಿದೆ ಅಂತ ಅರ್ಥ. ಆಗ ಒತ್ತಬೇಡಿ, ಮಸೆಯಿರಿ. ಹತ್ತಡಿಗೆ ಹತ್ತಡಿ ಕೋಣೆಗೆ ಇಬ್ಬರು ಕೂತರೆ ಎರಡು ಮೂರು ಬೆಳಗು ಹಿಡಿಯುತ್ತದೆ. ನಿಧಾನವಾದ ಕೆಲಸ, ನಿಜ. ಆದರೆ ಹೀಗೆ ಮಾಡಿದರೆ ನೆಲ ಒಂದು ಕೂದಲಿನಷ್ಟೂ ತೆಳುವಾಗುವುದಿಲ್ಲ.

ಇಷ್ಟಾದ ಮೇಲೆ ಮರಕ್ಕೆ ತೆಳ್ಳಗೆ ಮೆತ್ತಿಕೊಂಡ ಒಂದು ಪೊರೆ ಉಳಿಯುತ್ತದೆ. ಟರ್ಪೆಂಟೈನ್ ಬೇಕಾಗುವುದು ಈಗ. ಎರಡು ಚದರಡಿಯಷ್ಟು ಜಾಗಕ್ಕೆ ಬಟ್ಟೆಯಿಂದ ಸವರಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಅರ್ಧ ಗಂಟೆ ಬಿಡಿ. ತೆಗೆದ ಕೂಡಲೇ ಮರದ ಹೊಟ್ಟು ಒಂದು ಹಿಡಿ ಉದುರಿಸಿ, ಒರಟು ಗೋಣಿ ತುಂಡಿನಿಂದ ಉಜ್ಜಿ. ಮೆತ್ತಗಾದ ಅಂಟು ಹೊಟ್ಟಿಗೆ ಹತ್ತಿಕೊಂಡು ಉಂಡೆ ಉಂಡೆಯಾಗಿ ಬರುತ್ತದೆ. ಹೊಟ್ಟಿಲ್ಲದೆ ಉಜ್ಜಿದರೆ ಅದೇ ಅಂಟು ಪಕ್ಕದ ಹಲಗೆಗೆ ಬಳಿದುಕೊಳ್ಳುತ್ತದೆ ಅಷ್ಟೇ. ಟರ್ಪೆಂಟೈನಿಗೂ ಬಗ್ಗದ ಕಲೆಗೆ ಮಾತ್ರ ಥಿನ್ನರ್, ಅದೂ ಬಟ್ಟೆಯಲ್ಲಿ. ಸೀಮೆಎಣ್ಣೆ ಅಗ್ಗ ಅಂತ ಕೆಲವರು ಬಳಸುತ್ತಾರೆ. ಬೇಡ. ಅದರ ಜಿಡ್ಡು ಮರದಲ್ಲಿ ತಿಂಗಳುಗಟ್ಟಲೆ ಉಳಿದು ಪಾಲಿಶ್ ಹಿಡಿಯಲು ಬಿಡುವುದಿಲ್ಲ.

ಥಿನ್ನರ್ ಸುರಿಯಬೇಡಿ ಅಂದೆ. ಯಾಕೆ ಅಂತ ಬಿಡಿಸಿ ಹೇಳಬೇಕು, ಯಾಕೆಂದರೆ ನಿಮ್ಮಂಥ ಮನೆಯಲ್ಲಿ ಇದು ಜೀವದ ಪ್ರಶ್ನೆ. ಮಲೆನಾಡಿನ ಹಳೆಯ ಮನೆಗಳಲ್ಲಿ ಮಹಡಿಯ ಹಲಗೆಯೇ ಕೆಳಗಿನ ಕೋಣೆಯ ಮಾಡು. ನಡುವೆ ಮಣ್ಣಿಲ್ಲ, ಕಾಂಕ್ರೀಟಿಲ್ಲ. ಹಲಗೆ ಸಂದಿನಿಂದ ಕೆಳಗಿನ ದೀಪದ ಬೆಳಕು ಕಾಣುತ್ತದೆ, ಅಲ್ವಾ? ಥಿನ್ನರಿನ ಆವಿ ಗಾಳಿಗಿಂತ ಭಾರ. ಅದು ಮೇಲೇರಿ ಕಿಟಕಿಯಿಂದ ಹೋಗುವುದಿಲ್ಲ. ಸಂದಿನಿಂದ ಕೆಳಗಿಳಿದು ಅಡುಗೆಮನೆಯ ಒಲೆ, ಬಚ್ಚಲ ಹಂಡೆಯ ಒಲೆ, ದೇವರ ಕೋಣೆಯ ದೀಪ ಇರುವ ಕಡೆ ನೆಲದ ಮಟ್ಟದಲ್ಲಿ ತುಂಬಿಕೊಳ್ಳುತ್ತದೆ. ಮಾಮೂಲಿ ಕೋಣೆಯ ಶಾಖದಲ್ಲೇ ಅದಕ್ಕೆ ಬೆಂಕಿ ಹತ್ತುತ್ತದೆ. ಫ್ರಿಜ್ಜಿನ ಒಂದು ಕಿಡಿಯೂ ಸಾಕು. ಪೆಟ್ರೋಲ್ ಅಂತೂ ಮನೆಯೊಳಗೆ ತರಲೇಬೇಡಿ. ಮಿನರಲ್ ಟರ್ಪೆಂಟೈನ್ ಅಷ್ಟು ಬೇಗ ಹತ್ತಿಕೊಳ್ಳುವುದಿಲ್ಲ, ಹಾಗಂತ ಅದೂ ನೀರಲ್ಲ. ಆದ್ದರಿಂದ ಆ ದಿನಗಳಲ್ಲಿ ಕೆಳಗೆ ಒಲೆ ಹಚ್ಚಬೇಡಿ, ಗ್ಯಾಸ್ ಸಿಲಿಂಡರ್ ಬಂದ್ ಮಾಡಿ, ಮಹಡಿಯ ಮತ್ತು ಅದರ ಕೆಳಗಿನ ಕೋಣೆಯ ಕರೆಂಟನ್ನು ಕೆಲಸಕ್ಕೆ ಮೊದಲೇ ಮೇನ್‌ನಲ್ಲಿ ತೆಗೆಸಿ. ಮಗುವನ್ನು ಬೇರೆ ಮನೆಗೆ ಕಳಿಸಿ. ವಾಸನೆ ಪೂರ್ತಿ ಹೋದ ಮೇಲೆ ಕರೆತನ್ನಿ.

ಬಟ್ಟೆಯ ಮಾಸ್ಕ್, ಎನ್95 ಮಾಸ್ಕ್ ಧೂಳಿಗೆ ಮಾತ್ರ. ಆವಿಯನ್ನು ತಡೆಯುವುದಿಲ್ಲ. ಎರಡು ಕಡೆ ಇದ್ದಿಲ ಡಬ್ಬಿ ಇರುವ ಮಾಸ್ಕ್ ಪೇಂಟಿನ ಸಾಮಾನಿನ ದೊಡ್ಡ ಅಂಗಡಿಯಲ್ಲಿ ಸಿಗುತ್ತದೆ, ಅದನ್ನೇ ತರಿಸಿ. ಪಾತ್ರೆ ತೊಳೆಯುವ ರಬ್ಬರ್ ಕೈಗವಸು ಥಿನ್ನರಿಗೆ ಊದಿ ಕೆಡುತ್ತದೆ. ದಪ್ಪ ನೈಟ್ರೈಲ್ ಕೈಗವಸು ಹಾಕಿ, ಅದೂ ಥಿನ್ನರಿಗೆ ಬಹಳ ಹೊತ್ತು ತಡೆಯದು, ಒದ್ದೆಯಾದರೆ ಬದಲಿಸಿ. ಅಂಗಡಿಯವರು ಪೇಂಟ್ ರಿಮೂವರ್ ಅಂತ ಒಂದು ಡಬ್ಬಿ ಕೊಡಬಹುದು. ಮೇಲೆ ಮೀಥೈಲೀನ್ ಕ್ಲೋರೈಡ್ ಅಂತ ಬರೆದಿದ್ದರೆ ವಾಪಸ್ ಕೊಡಿ. ಅದು ಮೈಯೊಳಗೆ ಹೋದ ಮೇಲೆ ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಮುಚ್ಚಿದ ಕೋಣೆಯಲ್ಲಿ ಇದನ್ನು ಬಳಸಿ ಸತ್ತವರಿದ್ದಾರೆ. ಅಮೆರಿಕದಲ್ಲಿ 2019ರಲ್ಲಿ ಇಂಥ ರಿಮೂವರನ್ನು ಜನಸಾಮಾನ್ಯರಿಗೆ ಮಾರುವುದನ್ನೇ ನಿಲ್ಲಿಸಿದರು.

ಒರೆಸಿದ ಬಟ್ಟೆ, ಅಂಟು ಹತ್ತಿದ ಹೊಟ್ಟು ಇವನ್ನು ಗುಡ್ಡೆ ಹಾಕಿ ಮೂಲೆಯಲ್ಲಿಡಬೇಡಿ. ಅಂಗಳದಲ್ಲಿ ಒಂದೊಂದಾಗಿ ಹರಡಿ ಒಣಗಿಸಿ. ಮುಂದೆ ಅಗಸೆ ಎಣ್ಣೆ ಸವರುವ ಯೋಚನೆ ಇದ್ದರೆ ಇದು ಇನ್ನೂ ಮುಖ್ಯ. ಆ ಎಣ್ಣೆ ಹಿಡಿದ ಬಟ್ಟೆ ಮುದ್ದೆಯಾಗಿ ಬಿದ್ದಿದ್ದರೆ ಯಾರೂ ಕಡ್ಡಿ ಗೀರದಿದ್ದರೂ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುತ್ತದೆ.

ಇನ್ನು ಕಪ್ಪು ಕೋಣೆ. ಇಲ್ಲಿ ದಯವಿಟ್ಟು ಸ್ವಲ್ಪ ತಡೆಯಿರಿ. ಡಾಂಬರಿನ ಅಂಟನ್ನು ಬರೀ ಕಾರ್ಪೆಟ್ಟಿಗೆ ಬಳಸುತ್ತಿರಲಿಲ್ಲ. ಅದಕ್ಕೂ ಮೊದಲು ಆ ಕೋಣೆಯಲ್ಲಿ ಚೌಕದ ಪ್ಲಾಸ್ಟಿಕ್ ಟೈಲ್ಸ್ ಇತ್ತಾ ಅಂತ ಮನೆಯ ಹಿರಿಯರನ್ನು ಕೇಳಿ. ಪದರದ ಮೇಲೆ ಚೌಕದ ಗುರುತುಗಳು ಕಾಣುತ್ತವಾ ನೋಡಿ. ಹಿಂದೆ ನಮ್ಮಲ್ಲೂ ವಿನೈಲ್ ಪ್ಲಾಸ್ಟಿಕ್ ಜೊತೆ ಆಸ್ಬೆಸ್ಟಾಸ್ ಅನ್ನುವ ನಾರಿನಂಥ ಖನಿಜ ಬೆರೆಸಿದ ಟೈಲ್ಸ್ ಬರುತ್ತಿತ್ತು. ಅದಕ್ಕೆ ಐಎಸ್ 3461 ಅಂತ ಭಾರತೀಯ ಮಾನಕವೇ ಇತ್ತು. ಕಪ್ಪು ಅಂಟಿಗೂ ಆಸ್ಬೆಸ್ಟಾಸ್ ನಾರು ಬೆರೆಸುವುದಿತ್ತು. ಅದು ಗಟ್ಟಿಯಾಗಿ ಕೂತಿರುವ ತನಕ ಯಾರಿಗೂ ತೊಂದರೆ ಇಲ್ಲ. ಒಣಗಿದ್ದನ್ನು ಉಜ್ಜಿ ಪುಡಿ ಮಾಡಿದರೆ ಕಣ್ಣಿಗೆ ಕಾಣದ ನಾರು ಗಾಳಿಗೆ ಸೇರಿ ಶ್ವಾಸಕೋಶದಲ್ಲಿ ಕೂರುತ್ತದೆ. ಕಾಯಿಲೆ ಕಾಣಿಸಿಕೊಳ್ಳುವುದು ಎಷ್ಟೋ ವರ್ಷಗಳ ಮೇಲೆ. ಅಂಬೆಗಾಲಿಡುವ ಮಗು ಇರುವ ಮನೆಯಲ್ಲಿ ಇದರ ಜೊತೆ ಆಟ ಬೇಡವೇ ಬೇಡ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಒಂದು ಜಾಗವನ್ನು ನೀರಿನಿಂದ ಒದ್ದೆ ಮಾಡಿ, ಉಗುರಿನಷ್ಟು ಚೂರು ಎತ್ತಿ ಜಿಪ್ ಕವರಿನಲ್ಲಿ ಹಾಕಿ, ಕಟ್ಟಡ ಸಾಮಗ್ರಿ ಪರೀಕ್ಷಿಸುವ ಲ್ಯಾಬಿಗೆ ಕಳಿಸುತ್ತಿದ್ದೆ. ಬೆಂಗಳೂರಿನಲ್ಲಿ ವಿಚಾರಿಸಿದರೆ ಸಿಗುತ್ತವೆ. ಆಸ್ಬೆಸ್ಟಾಸ್ ಇಲ್ಲ ಅಂತ ಬಂದರೆ ಟರ್ಪೆಂಟೈನ್ ಸವರಿ, ಪ್ಲಾಸ್ಟಿಕ್ ಹೊದಿಸಿ, ಹೊಟ್ಟು ಹಾಕಿ ಒರೆಸುವ ಅದೇ ಕ್ರಮ. ಬಿಸಿಗಾಳಿ ಗನ್ ಮಾತ್ರ ಹಿಡಿಯಬೇಡಿ, ಡಾಂಬರಿನ ಹೊಗೆ ಕೆಟ್ಟದ್ದು. ಆಸ್ಬೆಸ್ಟಾಸ್ ಇದೆ ಅಂತ ಬಂದರೆ ಕೆರೆಯಬೇಡಿ, ಉಜ್ಜಬೇಡಿ. ಅದರ ಮೇಲೆ ತೆಳ್ಳನೆಯ ಪ್ಲೈವುಡ್ ಕೂರಿಸಿ ಹೊಸ ಹಲಗೆ ಹಾಕಿಸಿ. ಮತ್ತಿಯ ಹಲಗೆ ಕೆಳಗೆ ಕ್ಷೇಮವಾಗಿರುತ್ತದೆ. ನೋಡಲು ಬೇಸರವಾಗುತ್ತದೆ, ನನಗೆ ಗೊತ್ತು. ಆದರೂ ಅದೇ ಸರಿ.

ಇದನ್ನು ಓದುವ ಕನ್ನಡದವರಲ್ಲಿ ಬ್ರಿಟನ್ನಿನಲ್ಲೋ ಅಮೆರಿಕದಲ್ಲೋ ಹಳೆಯ ಮನೆ ಕೊಂಡು ಕಾರ್ಪೆಟ್ ಕೀಳುತ್ತಿರುವವರೂ ಇರಬಹುದು. ಅಲ್ಲಿ ಕಪ್ಪು ಅಂಟು ನಮಗಿಂತ ಜಾಸ್ತಿ. ಬ್ರಿಟನ್ನಿನಲ್ಲಿ ಆಸ್ಬೆಸ್ಟಾಸ್ ಪೂರ್ತಿ ನಿಂತದ್ದು 1999ರಲ್ಲಿ. ಅಮೆರಿಕದಲ್ಲಿ ಮನೆಯ ಬಣ್ಣದಿಂದ ಸೀಸ (ಲೆಡ್ ಅನ್ನುವ ವಿಷಲೋಹ) ತೆಗೆದದ್ದು 1978ರಲ್ಲಿ. ಮನೆ ಅದಕ್ಕಿಂತ ಹಳೆಯದಾದರೆ ಪರೀಕ್ಷೆ ಮಾಡಿಸದೆ ಮೆಷಿನ್ ಬಾಡಿಗೆಗೆ ತರಬೇಡಿ.

ಸೀಸದ ಮಾತು ಬಂದದ್ದರಿಂದ ನಿಮ್ಮ ಮನೆಗೂ ಒಂದು ವಿಷಯ. ತೋಟದ ಬಂಗಲೆಗಳಲ್ಲಿ ಕಾರ್ಪೆಟ್ಟಿನ ಸುತ್ತ ಗೋಡೆಯ ಬುಡದಲ್ಲಿ ಒಂದಡಿ ಅಗಲಕ್ಕೆ ಎನಾಮೆಲ್ ಬಣ್ಣ ಹೊಡೆದಿರುವುದನ್ನು ತುಂಬಾ ಕಡೆ ನೋಡಿದ್ದೇನೆ. ನಮ್ಮಲ್ಲಿ ಮನೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಅನ್ನುವ ನಿಯಮ 2016ರಲ್ಲಿ ಬಂದು 2017ರ ನವೆಂಬರಿನಿಂದ ಜಾರಿಯಾಯಿತು. ಅದಕ್ಕಿಂತ ಹಳೆಯ ಬಣ್ಣದಲ್ಲಿ, ಅದರಲ್ಲೂ ಹಳದಿ, ಕೆಂಪು, ಹಸಿರಿನಲ್ಲಿ, ಸೀಸ ಇದೆ ಅಂತಲೇ ತಿಳಿದುಕೊಳ್ಳಿ. ಆ ಪಟ್ಟಿಯನ್ನು ಒದ್ದೆ ಮಾಡಿಯೇ ಕೆರೆಯಬೇಕು, ಚೂರುಗಳನ್ನು ಕವರಿಗೆ ತುಂಬಬೇಕು, ಕೊನೆಗೆ ನೆಲವನ್ನು ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಬೇಕು. ಮಕ್ಕಳು ಮೊದಲು ಕೈ ಬಾಯಿಗಿಡುವುದು ನೆಲ ಮುಟ್ಟಿದ ಮೇಲೆಯೇ.

ಮೆಷಿನ್ ಯಾವಾಗ ಅಂತ ಈಗ ಹೇಳಬಹುದು. ಬಿಳಿ ಬನಿಯನ್ ಬಟ್ಟೆಗೆ ಟರ್ಪೆಂಟೈನ್ ಹಾಕಿ ನೆಲದ ಮೇಲೆ ಗಟ್ಟಿಯಾಗಿ ಎಳೆಯಿರಿ. ಬಟ್ಟೆಗೆ ಹಳದಿ ಹತ್ತಬಾರದು, ಜಿಗುಟು ಇರಬಾರದು. ಒಣಗಿದ ಮೇಲೆ ನಾಲ್ಕಾರು ಕಡೆ ಒಂದೊಂದು ಹನಿ ನೀರು ಬಿಡಿ. ಹನಿ ಎಲ್ಲ ಕಡೆ ಒಂದೇ ರೀತಿ ಹರಡಿದರೆ ಮರ ತೆರೆದಿದೆ. ಎಲ್ಲಾದರೂ ಕೆಸುವಿನೆಲೆಯ ಮೇಲಿನ ಹಾಗೆ ಉರುಟಾಗಿ ನಿಂತರೆ ಅಲ್ಲಿ ಅಂಟೋ ಜಿಡ್ಡೋ ಇನ್ನೂ ಇದೆ. ತೇಗಕ್ಕೆ ತನ್ನದೇ ಎಣ್ಣೆ ಇರುವುದರಿಂದ ಹನಿ ಸ್ವಲ್ಪ ನಿಧಾನ ಹರಡಬಹುದು, ಅದಕ್ಕೆ ಗಾಬರಿ ಬೇಡ. ಹಲಗೆಯ ಮೊಳೆಗಳನ್ನೆಲ್ಲ ಪಂಚ್ ಇಟ್ಟು 2–3 ಮಿಲಿಮೀಟರ್ ಒಳಗೆ ಇಳಿಸಿ. ಹಲಗೆ ಎಷ್ಟು ದಪ್ಪ ಉಳಿದಿದೆ ಅಂತ ಸಂದಿನಲ್ಲಿ ಕಾರ್ಡ್ ಇಳಿಸಿ ಅಳೆದುಕೊಳ್ಳಿ. ಆಮೇಲೆ 60ನೇ ನಂಬರಿನ ಉಪ್ಪು ಕಾಗದದಿಂದ ಶುರು ಮಾಡಿ 80, 120 ಅಂತ ಹೋಗಿ. ಅಂಟು ಕೈಯಲ್ಲೇ ಹೋಗಿದ್ದರೆ 36, 40ರ ಒರಟು ಕಾಗದ ಹಿಡಿಯುವ ಅಗತ್ಯವೇ ಬರುವುದಿಲ್ಲ. ನಿಮ್ಮ ಮರ ಉಳಿಯುವುದು ಇಲ್ಲೇ. ದೊಡ್ಡ ಬೆಲ್ಟ್ ಮೆಷಿನ್ನಿಗಿಂತ ಕೈಯಲ್ಲಿ ಹಿಡಿಯುವ ದುಂಡನೆಯ ಆರ್ಬಿಟಲ್ ಮೆಷಿನ್ ಸಾಕು. ಹೊಸಬರ ಕೈಯಲ್ಲಿ ಬೆಲ್ಟ್ ಮೆಷಿನ್ ಒಂದು ಕ್ಷಣ ನಿಂತರೂ ಗುಳಿ ಬೀಳುತ್ತದೆ.

ಮೊಳೆಯ ಸುತ್ತ ಮಸಿಯಂಥ ಕಲೆ ಕಂಡರೆ ಅದು ಅಂಟಲ್ಲ. ನೀರು, ಕಬ್ಬಿಣ, ಮರದ ಒಗರು ಸೇರಿ ಆಗುವ ಕಲೆ. ಆಕ್ಸಾಲಿಕ್ ಆಸಿಡ್ ನೀರಿಗೆ ಅದು ತಿಳಿಯಾಗುತ್ತದೆ. ಆದರೆ ಅದು ವಿಷ, ಮಗುವಿನ ಕೈಗೆ ಸಿಗದ ಹಾಗೆ ಇಡಿ, ಹಚ್ಚಿದ ಜಾಗವನ್ನು ನೀರಿನ ಬಟ್ಟೆಯಿಂದ ಮತ್ತೆ ಮತ್ತೆ ಒರೆಸಿ. ಕಲೆ ಪೂರ್ತಿ ಹೋಗದಿದ್ದರೂ ನನಗೇನೂ ಕೊರತೆ ಅನ್ನಿಸುವುದಿಲ್ಲ. ಅಷ್ಟು ವರ್ಷ ಮನೆ ಹೊತ್ತ ಹಲಗೆ ಅದು.

ಪಾಲಿಶ್ ಬಗ್ಗೆ ನೀವು ಕೇಳಿಲ್ಲ, ಆದರೂ ಎರಡು ಮಾತು. ಜನವರಿಯಿಂದ ಮಾರ್ಚ್ ಒಳಗೆ, ಹಲಗೆಯ ತೇವ 14%ಕ್ಕಿಂತ ಕಡಿಮೆ ಇದ್ದಾಗ ಹೊಡೆಸಿ. ತೇವ ಅಳೆಯುವ ಚಿಕ್ಕ ಮೀಟರ್ ಆಚಾರಿಯ ಹತ್ತಿರ ಇಲ್ಲದಿದ್ದರೆ ಆನ್‌ಲೈನ್‌ನಲ್ಲಿ ತರಿಸಿಕೊಳ್ಳಿ. ಮೆಲಮೈನ್ ಪಾಲಿಶ್ ಮೇಜು ಬಾಗಿಲಿಗೆ ಚೆಂದ, ನೆಲಕ್ಕೆ ಪೆಡಸು. ನೆಲಕ್ಕೆ ಪಾಲಿಯುರೆಥೇನ್ ಪಾಲಿಶ್ ಮೂರು ಕೋಟ್ ಹೊಡೆಸಿ. ತೇಗದ ಮೇಲೆ ಮೊದಲ ಕೋಟಿಗೆ ಸ್ವಲ್ಪ ಮುಂಚೆ ಥಿನ್ನರ್ ಬಟ್ಟೆಯಿಂದ ಒಮ್ಮೆ ಒರೆಸಿದರೆ ಮರದ ಎಣ್ಣೆ ತೊಂದರೆ ಕೊಡುವುದಿಲ್ಲ.

ಸಂದಿನ ಪ್ರಶ್ನೆ. ತುಂಬಿಸಬೇಡಿ. ಹೊಟ್ಟಿಗೆ ಫೆವಿಕಾಲ್ ಕಲಸಿ ಸಂದಿಗೆ ಮೆತ್ತುವುದು ಬೆಂಗಳೂರಿನಲ್ಲಿ ಹೇಗೋ ನಡೆಯುತ್ತದೆ. ನಿಮ್ಮ ಕಡೆ ಜೂನ್ ತಿಂಗಳಿಗೆ ಹಲಗೆ ಉಬ್ಬುತ್ತದೆ, ಫೆಬ್ರವರಿಗೆ ಕುಗ್ಗುತ್ತದೆ. ಮೆತ್ತಿದ್ದು ಮೊದಲ ಮಳೆಗಾಲಕ್ಕೆ ಹಿಂಡಿಕೊಂಡು ಮೇಲೆ ಬರುತ್ತದೆ, ಬೇಸಿಗೆಗೆ ಒಡೆದು ಕೆಳಗಿನ ಊಟದ ಮೇಜಿನ ಮೇಲೆ ಉದುರುತ್ತದೆ. ಆ ಸಂದು ಹಲಗೆಗೆ ಉಸಿರಾಡುವ ಜಾಗ, ಬೇಕು ಅಂತಲೇ ಬಿಟ್ಟದ್ದು. ಅದರೊಳಗೆ ಇಳಿದಿರುವ ಹಳೆಯ ಅಂಟನ್ನು ಮಾತ್ರ ತೆಗೆಯಿರಿ, ಇಲ್ಲದಿದ್ದರೆ ಎರಡು ಹಲಗೆ ಒಂದಕ್ಕೊಂದು ಅಂಟಿಕೊಂಡು ಮಳೆಗಾಲದಲ್ಲಿ ಸೀಳುತ್ತವೆ. ನಾಲ್ಕಿಂಚಿನ ಮೊಳೆಯ ತುದಿ ಬಗ್ಗಿಸಿ ಕೊಕ್ಕೆ ಮಾಡಿ, ಹಿಡಿ ಹಾಕಿಸಿ, ಸಂದಿನುದ್ದಕ್ಕೂ ಎಳೆಯಿರಿ. ಕಾಸು ಜಾರಿ ಬೀಳುವಷ್ಟು ಅಗಲದ ಸಂದು ಇದ್ದರೆ ಅದೇ ಜಾತಿಯ ಮರದ ತೆಳು ಪಟ್ಟಿಯನ್ನು ಒಂದೇ ಬದಿಗೆ ಅಂಟಿಸಿ ಕೂರಿಸಲು ಆಚಾರಿಗೆ ಹೇಳಿ. ಇನ್ನೊಂದು ಬದಿ ಬಿಡುವಾಗಿಯೇ ಇರಲಿ.